ದಾವಣಗೆರೆಯಲ್ಲಿ ಹಿಮ ಬೀಳುವುದಿಲ್ಲ, ಆದರೂ ಅಲಾಯ್ ವೀಲನ್ನು ಉಪ್ಪು ತಿನ್ನುತ್ತದೆ

ಪ್ರಶ್ನೆ: ನಮ್ಮದು ದಾವಣಗೆರೆ ವಿದ್ಯಾನಗರ. ಕಳೆದ ವರ್ಷ ಕಾರಿನ ಕಂಪನಿ ವೀಲ್ ತೆಗೆಸಿ, ಹೊರಗಿನ ಅಂಗಡಿಯಲ್ಲಿ 16 ಇಂಚಿನ ಡೈಮಂಡ್ ಕಟ್ ಅಲಾಯ್ ವೀಲ್ ಹಾಕಿಸಿದೆ. ವ್ಯಾಪಾರದ ಮೇಲೆ ತಿಂಗಳಿಗೆರಡು ಸಲ ಮಲ್ಪೆ, ಮಂಗಳೂರಿಗೆ ಹೋಗಿಬರುತ್ತೇನೆ. ಈ ಮಳೆಗಾಲದಲ್ಲಿ ರಿಮ್ಮಿನ ಅಂಚಿಗೆ ಮತ್ತು ನಟ್ ಕೂರುವ ಗುಳಿಗಳ ಸುತ್ತ, ಕ್ಲಿಯರ್ ಕೋಟಿನ (ಮೇಲಿನ ಪಾರದರ್ಶಕ ಲೇಪದ) ಕೆಳಗೆ, ಬಿಳಿ ದಾರದಂಥ ಗೆರೆಗಳು ಹಬ್ಬಿವೆ. ಒಂದು ವೀಲಿನಲ್ಲಿ ವಾರಕ್ಕೆ ಮೂರ್ನಾಲ್ಕು ಪಿಎಸ್‌ಐ ಗಾಳಿ ಇಳಿಯುತ್ತದೆ, ಪಂಕ್ಚರ್ ಮಾತ್ರ ಸಿಕ್ಕಿಲ್ಲ. ಟೊರಾಂಟೊದಲ್ಲಿರುವ ನನ್ನ ತಮ್ಮ, ಅಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವುದರಿಂದ ಅಲಾಯ್ ಬಿಚ್ಚಿಟ್ಟು ಸ್ಟೀಲ್ ವೀಲ್ ಹಾಕುತ್ತಾನಂತೆ. ಅವನ ಸಲಹೆಗಳಲ್ಲಿ ನಮಗೆ ಯಾವುದು ಹೊಂದುತ್ತದೆ? ಈಗಾಗಲೇ ಕೆಟ್ಟಿರುವುದಕ್ಕೆ ಏನು ಮಾಡಬೇಕು?

ಉತ್ತರ: ನಿಮ್ಮ ವೀಲಿಗೆ ಬಂದಿರುವುದು ಟೊರಾಂಟೊದ ವೀಲಿಗೆ ಬರುವ ರೋಗವೇ. ಆ ಬಿಳಿ ದಾರಗಳಿಗೆ ಫಿಲಿಫಾರ್ಮ್ ತುಕ್ಕು ಎನ್ನುತ್ತಾರೆ. ಗಾಳಿ ಇಳಿಯುತ್ತಿರುವುದೂ ಹೆಚ್ಚಿನಂಶ ಅದರದೇ ಇನ್ನೊಂದು ಮುಖ: ಟೈರಿನ ಅಂಚು ರಿಮ್ಮಿಗೆ ಒತ್ತಿ ಕೂರುವ ಜಾಗದಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಎದ್ದಿರಬೇಕು. ಗೆರೆಗಳು ಕಣ್ಣಿಗೆ ಕೆಟ್ಟದಾಗಿ ಕಂಡರೂ ಅವಕ್ಕೆ ಒಂದೆರಡು ತಿಂಗಳು ಸಮಯವಿದೆ. ಗಾಳಿ ಇಳಿಯುವ ವೀಲಿಗೆ ಅಷ್ಟು ಸಮಯವಿಲ್ಲ. ಕಡಿಮೆ ಗಾಳಿಯಲ್ಲಿ ಹೆದ್ದಾರಿಯ ವೇಗದಲ್ಲಿ ಓಡಿದರೆ ಟೈರಿನ ಪಕ್ಕೆ ಕಾಯ್ದು ಒಡೆಯುತ್ತದೆ. ಮುಂದಿನ ಸಲ ಘಟ್ಟ ಇಳಿಯುವ ಮೊದಲು ಅದನ್ನು ಮಾಡಿಸಿಕೊಳ್ಳಿ. ವಿಧಾನ ಕೆಳಗಿದೆ.

ಮೊದಲು ಒಳಗೆ ನಡೆಯುತ್ತಿರುವುದು ಏನೆಂದು ತಿಳಿದರೆ ಯಾವ ಸಲಹೆ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಎರಕದ ಅಲಾಯ್ ವೀಲ್ ಎಂದರೆ ಸುಮಾರು ಶೇ. 7ರಷ್ಟು ಸಿಲಿಕಾನ್, ಚೂರು ಮೆಗ್ನೀಸಿಯಂ ಬೆರೆಸಿದ ಅಲ್ಯೂಮಿನಿಯಂ. ಗಾಳಿ ತಾಗಿದ ತಕ್ಷಣ ಅದರ ಮೇಲೆ ತೀರಾ ತೆಳುವಾದ ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ, ಆ ಪೊರೆಯೇ ಅಲ್ಯೂಮಿನಿಯಮ್ಮಿಗೆ ರಕ್ಷಣೆ. ಉಪ್ಪಿನಲ್ಲಿರುವ ಕ್ಲೋರೈಡ್ ಈ ಪೊರೆಯನ್ನು ಅಲ್ಲಲ್ಲಿ ಚುಚ್ಚುತ್ತದೆ. ಬರಿಯ ಲೋಹದ ಮೇಲಾದರೆ ಸಣ್ಣ ಗುಳಿ ಬಿದ್ದು ಅಲ್ಲಿಗೆ ನಿಲ್ಲುವುದೂ ಉಂಟು. ಮೇಲೆ ಕ್ಲಿಯರ್ ಕೋಟ್ ಇದ್ದರೆ ಕತೆ ಬೇರೆ. ಕಲ್ಲು ಬಡಿದ ಒಂದು ಚಿಕ್ಕ ಗಾಯದಿಂದ ಉಪ್ಪು ಮತ್ತು ತೇವ ಒಳಹೊಕ್ಕರೆ, ಕೋಟಿನ ಕೆಳಗೆ ದಾರದ ತಲೆಯಲ್ಲಿ ಆಮ್ಲೀಯವಾದ ಒಂದು ಹನಿ ನಿಂತುಕೊಳ್ಳುತ್ತದೆ. ಅದು ಮುಂದೆ ಮುಂದೆ ಕೊರೆಯುತ್ತ ಹೋಗುತ್ತದೆ, ಹಿಂದೆ ಬಿಳಿ ಪುಡಿಯ ಬಾಲ ಬಿಡುತ್ತದೆ. ಒಳಗಿನ ಕ್ಲೋರೈಡ್ ಖರ್ಚಾಗುವುದೇ ಇಲ್ಲ, ಅದೇ ಉಪ್ಪು ಮತ್ತೆ ಮತ್ತೆ ಕೆಲಸ ಮಾಡುತ್ತದೆ. ಆದ್ದರಿಂದ ಗೆರೆ ಕಂಡ ಮೇಲೆ ಹೊರಗಿನಿಂದ ಎಷ್ಟು ತೊಳೆದರೂ, ಮೇಲೆ ಯಾವ ದುಬಾರಿ ಕೋಟಿಂಗ್ ಬಳಿದರೂ ಅದು ನಿಲ್ಲುವುದಿಲ್ಲ.

ಡೈಮಂಡ್ ಕಟ್ ವೀಲಿಗೇ ಇದು ಹೆಚ್ಚಾಗಿ ಬರುವುದಕ್ಕೆ ಕಾರಣವಿದೆ. ಪೂರ್ತಿ ಬಣ್ಣದ ವೀಲಿನಲ್ಲಿ ಲೋಹದ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಅದರ ಮೇಲೆ ಕ್ಲಿಯರ್ ಇರುತ್ತದೆ. ಡೈಮಂಡ್ ಕಟ್ ಮುಖವನ್ನು ಲೇತಿನಲ್ಲಿ ಕೊರೆದು, ಹೊಳೆಯುವ ಬರಿಯ ಲೋಹಕ್ಕೆ ನೇರವಾಗಿ ಕ್ಲಿಯರ್ ಹೊಡೆದಿರುತ್ತಾರೆ. ಹೊಳಪು ಕಾಣಬೇಕಾದ್ದರಿಂದ ಪ್ರೈಮರ್ ಹಾಕುವಂತಿಲ್ಲ. ಇದರ ಮೇಲೆ ಇನ್ನೊಂದು ತೊಂದರೆ: ಲೇತಿನ ಉಳಿ ಬಿಟ್ಟುಹೋದ ಅಂಚು ಚೂಪಾಗಿರುತ್ತದೆ, ಒದ್ದೆ ಕೋಟು ಒಣಗುವಾಗ ಚೂಪು ಅಂಚಿನಿಂದ ಹಿಂದೆ ಸರಿಯುತ್ತದೆ. ಹೀಗಾಗಿ ಅತಿ ಹೆಚ್ಚು ಪೆಟ್ಟು ತಿನ್ನುವ ರಿಮ್ಮಿನ ತುಟಿಯಲ್ಲೇ ಕೋಟು ಅತಿ ತೆಳು. ನಿಮ್ಮ ವೀಲನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ, ಪ್ರತಿ ಗೆರೆಯೂ ಒಂದು ಕಲ್ಲೇಟಿನಿಂದಲೋ, ಬಣ್ಣ ಮತ್ತು ಕೊರೆದ ಮುಖ ಸೇರುವ ಅಂಚಿನಿಂದಲೋ ಹೊರಟಿರುತ್ತದೆ. ನಯವಾದ ಮೈಯ ನಟ್ಟನಡುವೆ ಹುಟ್ಟುವುದು ಅಪರೂಪ.

ಇನ್ನು ಉಪ್ಪಿನ ವಿಚಾರ. ನಿಮ್ಮ ತಮ್ಮ ಇರುವ ಕಡೆ ಮುಖ್ಯವಾಗಿ ಸುರಿಯುವುದು ಗಣಿಯ ಕಲ್ಲುಪ್ಪು, ಅಂದರೆ ಸೋಡಿಯಂ ಕ್ಲೋರೈಡ್. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಗೋಡರಿಚ್‌ನಲ್ಲಿ, ಹ್ಯೂರಾನ್ ಸರೋವರದ ತಳದಲ್ಲಿ, ಜಗತ್ತಿನ ಅತಿ ದೊಡ್ಡ ಭೂಗತ ಉಪ್ಪಿನ ಗಣಿ ಇದೆ. ಉಷ್ಣಾಂಶ ಸುಮಾರು ಮೈನಸ್ 9 ಡಿಗ್ರಿಗಿಂತ ಇಳಿದರೆ ಈ ಉಪ್ಪು ಮಂಜುಗಡ್ಡೆಯನ್ನು ಸರಿಯಾಗಿ ಕರಗಿಸುವುದಿಲ್ಲ. ಆಗ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಬಳಸುತ್ತಾರೆ. ಈ ಎರಡು ಸೋಡಿಯಂ ಉಪ್ಪಿಗಿಂತ ಕಾಟ ಹೆಚ್ಚು, ಏಕೆಂದರೆ ಅವು ಗಾಳಿಯ ತೇವವನ್ನು ಎಳೆದುಕೊಂಡು ಸದಾ ಒದ್ದೆಯಾಗಿರುತ್ತವೆ. ಶುದ್ಧ ಸೋಡಿಯಂ ಕ್ಲೋರೈಡ್ ನೀರಾಗಲು ಗಾಳಿಯಲ್ಲಿ ಸುಮಾರು ಶೇ. 75ರಷ್ಟು ಆರ್ದ್ರತೆ ಬೇಕು, ಮೆಗ್ನೀಸಿಯಂ ಕ್ಲೋರೈಡಿಗೆ ಶೇ. 33 ಸಾಕು.

ಇದನ್ನು ನೋಡಲು ಕೆನಡಾಕ್ಕೆ ಹೋಗಬೇಕಿಲ್ಲ. ಆಷಾಢದಲ್ಲಿ ಅಡುಗೆಮನೆಯ ಕಲ್ಲುಪ್ಪಿನ ಭರಣಿ ಬೆವರಿ ತಳದಲ್ಲಿ ನೀರು ನಿಲ್ಲುತ್ತದಲ್ಲ, ಅದಕ್ಕೆ ಕಾರಣ ಸಮುದ್ರದ ಉಪ್ಪಿನಲ್ಲಿ ಉಳಿದ ಮೆಗ್ನೀಸಿಯಂ ಕ್ಲೋರೈಡ್. ಮಲ್ಪೆಯಿಂದ ನಿಮ್ಮ ವೀಲಿಗೆ ಅಂಟಿಕೊಂಡು ಬರುವುದೂ ಅದೇ ಉಪ್ಪು. ಸಮುದ್ರದ ನೀರಿನಲ್ಲಿ ಸುಮಾರು ಶೇ. 3.5ರಷ್ಟು ಉಪ್ಪಿದೆ. ಕಡಲ ಗಾಳಿ, ಬಂದರಿನ ಒದ್ದೆ ನೆಲ, ಮೀನಿನ ಲಾರಿಗಳಿಂದ ರಸ್ತೆಗೆ ಸೋರುವ ಉಪ್ಪುನೀರು, ಮೂರೂ ಸೇರಿ ವೀಲಿನ ಒಳಮೈಗೆ ಲೇಪವಾಗುತ್ತದೆ. ನೀವು ಆಗುಂಬೆ ಹತ್ತಿ ತೀರ್ಥಹಳ್ಳಿ, ಶಿವಮೊಗ್ಗ ದಾಟಿ ಊರು ಸೇರುವ ಹೊತ್ತಿಗೆ ಅದು ಒಣಗಿ ಕಾಣದಂತಾಗಿರುತ್ತದೆ. ಮಾರ್ಚ್, ಏಪ್ರಿಲಿನ ದಾವಣಗೆರೆಯ ಒಣಗಾಳಿಯಲ್ಲಿ ಅದು ಸುಮ್ಮನೆ ಕೂತಿರುತ್ತದೆ. ಜೂನ್ ಬಂದು ಗಾಳಿ ತೇವವಾದ ಕೂಡಲೇ ಎದ್ದು ಕೆಲಸ ಶುರುಮಾಡುತ್ತದೆ. ಉಪ್ಪು ಹತ್ತಿದ ದಿನಕ್ಕೂ ಗೆರೆ ಕಂಡ ದಿನಕ್ಕೂ ನಡುವೆ ತಿಂಗಳುಗಳ ಅಂತರ ಬೀಳುವುದರಿಂದ ಜನ ಮಳೆನೀರನ್ನು ದೂರುತ್ತಾರೆ. ನಿಮ್ಮ ಗೆರೆಗಳೂ ಮಳೆಗಾಲದಲ್ಲೇ ಕಂಡಿದ್ದು ಇದಕ್ಕೇ.

ಉಪ್ಪು ಎಷ್ಟು ಬಿತ್ತು ಎನ್ನುವುದಕ್ಕಿಂತ ಅದು ಒದ್ದೆಯಾಗಿ ಎಷ್ಟು ದಿನ ಗಾಯದ ಮೇಲೆ ಕೂತಿತ್ತು ಎನ್ನುವುದೇ ಮುಖ್ಯ. ಉಪ್ಪನ್ನು ಬೇಗ ಇಳಿಸುವುದು, ಗಾಯವನ್ನು ಬೇಗ ಮುಚ್ಚುವುದು, ಈ ಎರಡೇ ನಿಜವಾದ ರಕ್ಷಣೆ. ಉಳಿದದ್ದೆಲ್ಲ ಇವಕ್ಕೆ ಸಹಾಯ.

ಗಾಳಿ ಇಳಿಯುವ ವೀಲನ್ನು ಹೀಗೆ ನೋಡಿ. ವೀಲ್ ಬಿಚ್ಚಿ 35 ಪಿಎಸ್‌ಐ ಗಾಳಿ ತುಂಬಿ, ಮಲಗಿಸಿ, ಟೈರ್ ಮತ್ತು ರಿಮ್ ಸೇರುವ ಸಂದಿಗೆ ಸುತ್ತಲೂ ದಪ್ಪಗೆ ಸೋಪಿನ ನೀರು ಹುಯ್ಯಿರಿ. ಐದು ನಿಮಿಷ ಕಾಯಬೇಕು. ವಾರಕ್ಕೆ ಮೂರು ಪಿಎಸ್‌ಐ ಎಂದರೆ ಬುಳಬುಳ ಗುಳ್ಳೆ ಬರುವುದಿಲ್ಲ, ಹಾಲಿನ ನೊರೆಯಂಥ ಸಣ್ಣ ಬಿಳಿ ಗುಂಪು ನಿಧಾನಕ್ಕೆ ಕಟ್ಟುತ್ತದೆ. ಪಂಕ್ಚರ್ ಅಂಗಡಿಯಲ್ಲಿ ತೊಟ್ಟಿಯ ನೀರಿನಲ್ಲಿ ಒಮ್ಮೆ ಮುಳುಗಿಸಿ ತಿರುಗಿಸಿದರೆ ಇದು ಕಣ್ಣಿಗೆ ಬೀಳದು, ನಿಮಗೆ ಪಂಕ್ಚರ್ ಸಿಗದಿದ್ದುದು ಹೀಗೇ ಇರಬೇಕು. ಮಗುಚಿ ಒಳಬದಿಯನ್ನೂ ನೋಡಿ, ಸೋರಿಕೆ ಹೆಚ್ಚಾಗಿ ಒಳಬದಿಯಲ್ಲೇ ಸಿಗುತ್ತದೆ. ವಾಲ್ವಿನ ಬುಡಕ್ಕೂ ಬಾಯಿಗೂ ಒಂದು ಹನಿ ಬಿಡಿ.

ಜಾಗ ಸಿಕ್ಕ ಮೇಲೆ ಟೈರ್ ಕಳಚಿಸಿ, ಆ ಅಂಚಿನಲ್ಲಿ ಬೆರಳಾಡಿಸಿದರೆ ಉಪ್ಪುಕಾಗದದಂತೆ ತರಿತರಿಯಾಗಿ ಸಿಗುತ್ತದೆ. ಅದನ್ನು ಪಾತ್ರೆ ಉಜ್ಜುವಂಥ ಹಸಿರು ನೈಲಾನ್ ಪ್ಯಾಡಿನಿಂದ, ಬಿಡದಿದ್ದರೆ 240 ನಂಬರಿನ ವಾಟರ್ ಪೇಪರಿನಿಂದ (ನೀರಿನಲ್ಲಿ ನೆನೆಸಿ ಉಜ್ಜುವ ಉಪ್ಪುಕಾಗದ), ಸುತ್ತಿನ ದಿಕ್ಕಿನಲ್ಲೇ ಉಜ್ಜಬೇಕು. ಅಡ್ಡ ಉಜ್ಜಿದರೆ ಆ ಗೀರುಗಳೇ ಗಾಳಿಗೆ ದಾರಿ. ಗ್ರೈಂಡರಿಗೆ ಕಬ್ಬಿಣದ ತಂತಿ ಬ್ರಷ್ ಹಾಕಿ ಉಜ್ಜಲು ಬಿಡಬೇಡಿ. ಅದರ ಕಬ್ಬಿಣದ ಚೂರು ಅಲ್ಯೂಮಿನಿಯಮ್ಮಿನಲ್ಲಿ ಹುದುಗಿ ಅಲ್ಲಿಂದಲೇ ಹೊಸ ತುಕ್ಕು ಹುಟ್ಟುತ್ತದೆ, ಜೊತೆಗೆ ಅಂಚು ಅಳತೆ ತಪ್ಪುತ್ತದೆ. ಉಜ್ಜಿದ ಮೇಲೆ ಒಳ್ಳೆಯ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ತೆರೆದ ಲೋಹಕ್ಕೆ ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ಕಚ್ಚಿ ಹಿಡಿಯುವ ಪ್ರೈಮರ್, ತೆಳುವಾಗಿ ಹೊಡೆದು ಆರಲು ಬಿಡಿ. ಆಮೇಲೆ ಬೀಡ್ ಸೀಲರ್ (ಟೈರಿನ ಅಂಚು ಕೂರುವ ಜಾಗದ ಸಂದಿ ಮುಚ್ಚುವ ಲೇಪ) ಒಂದು ತೆಳು ಪದರ. ಟೈರ್ ಕೂರಿಸುವಾಗ 40 ಪಿಎಸ್‌ಐ ದಾಟಿಸಬಾರದು. ಬೀಡ್ ಸೀಲರನ್ನು ತರಿಯ ಮೇಲೇ ಬಳಿದು ಮುಗಿಸುವ ಅಂಗಡಿಗಳಿವೆ. ಹಾಗೆ ಮಾಡಿದರೆ ಪುಡಿ ಅದರ ಕೆಳಗೆ ಬೆಳೆಯುತ್ತ ಹೋಗಿ ಮತ್ತೆ ಸೋರುತ್ತದೆ.

ಈಗ ಬಿಳಿ ಗೆರೆಗಳು. ಬೆರಳುಗುರಿಗಿಂತ ಚಿಕ್ಕದಾದ, ಒಂದೆರಡೇ ಇರುವ ಗೆರೆಗಳನ್ನು ಮನೆಯಲ್ಲೇ ನಿಲ್ಲಿಸಬಹುದು. ಹೊಚ್ಚಹೊಸದರಂತೆ ಕಾಣುವುದಿಲ್ಲ, ಹತ್ತಿರ ಹೋದರೆ ತೇಪೆ ಗೊತ್ತಾಗುತ್ತದೆ. ಆ ಮಟ್ಟಿಗೆ ಒಪ್ಪಿಕೊಂಡು ಮಾಡಿ. ಟೈರಿನ ಗಾಳಿ ಇಳಿಸಿ, ರಿಮ್ಮಿನ ತುಟಿ ಮತ್ತು ಟೈರಿನ ನಡುವೆ ಇಸ್ಪೀಟ್ ಎಲೆಗಳನ್ನು ಒಂದರ ಮೇಲೊಂದು ಅರ್ಧ ಬರುವಂತೆ ಸುತ್ತಲೂ ಸಿಕ್ಕಿಸಿ. ಮನೆಯಲ್ಲಿ ಬಿದ್ದಿರುವ ದಪ್ಪ ಲಗ್ನಪತ್ರಿಕೆಗಳೂ ಆಗುತ್ತವೆ. ಟೈರಿಗೆ ಸ್ಪ್ರೇ ತಾಗದಿರಲು ಇದಕ್ಕಿಂತ ಸುಲಭ ಉಪಾಯವಿಲ್ಲ. 400ರ ವಾಟರ್ ಪೇಪರ್ ಹಿಡಿದು ಗೆರೆಯ ತುದಿಗಿಂತ ಒಂದು ಸೆಂಟಿಮೀಟರ್ ಆಚೆಯವರೆಗೂ ಕ್ಲಿಯರ್ ಕೋಟನ್ನು ತೆಗೆಯಿರಿ. ಎಲ್ಲರೂ ತಪ್ಪುವುದು ಇಲ್ಲೇ. ಗೆರೆ ಮುಗಿದಲ್ಲಿಗೇ ಉಜ್ಜುವುದನ್ನು ನಿಲ್ಲಿಸುತ್ತಾರೆ, ಆದರೆ ಕೊರೆಯುವ ತಲೆ ಇರುವುದು ಆ ತುದಿಯಲ್ಲೇ, ಕಣ್ಣಿಗೆ ಕಾಣುವುದಕ್ಕಿಂತ ಸ್ವಲ್ಪ ಮುಂದೆ. ಲೋಹದಲ್ಲಿ ಬೂದು ಚುಕ್ಕೆ ಒಂದೂ ಉಳಿಯಬಾರದು. ಆಮೇಲೆ 800, 1000ರಲ್ಲಿ ನಯ ಮಾಡಿ, ಸುತ್ತಲ ಕೋಟಿನ ಅಂಚು ಬೆರಳಿಗೆ ತಡೆಯದಂತೆ ಇಳಿಜಾರು ಮಾಡಿ.

ಇನ್ನೊಂದು ಎಚ್ಚರಿಕೆಯ ಮಾತು: ಉಜ್ಜಿದ ಜಾಗಕ್ಕೆ ಉಪ್ಪು ಉಳಿಯದಂತೆ ಕೊನೆಗೆ ತೊಳೆಯಲು ಡಿಸ್ಟಿಲ್ಡ್ ವಾಟರ್ ಬಳಸಿ, ಬ್ಯಾಟರಿಗೆ ಹಾಕುವ ಒಂದು ಲೀಟರ್ ಕ್ಯಾನ್ ನಾಲ್ಕು ವೀಲಿಗೆ ಸಾಕು. ಹೇರ್ ಡ್ರೈಯರ್ ಹಿಡಿದು ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಮತ್ತೆ ಕೈ ಮುಟ್ಟಿಸಬೇಡಿ, ಬೆವರಿನಲ್ಲೂ ಉಪ್ಪಿದೆ. ಒಂದು ಗಂಟೆಯೊಳಗೆ ಟೂ-ಕೆ (ಎರಡು ಘಟಕ ಬೆರೆತು ಗಟ್ಟಿಯಾಗುವ) ಕ್ಲಿಯರ್ ಸ್ಪ್ರೇಯನ್ನು ಮೂರು ತೆಳು ಪದರವಾಗಿ, ಹತ್ತು ಹತ್ತು ನಿಮಿಷ ಬಿಟ್ಟು ಹೊಡೆಯಿರಿ. ಸಾಮಾನ್ಯ ಒಂದೇ ಘಟಕದ ಕ್ಲಿಯರ್ ಸ್ಪ್ರೇ ಬ್ರೇಕಿನ ಕಾವಿಗೂ ಪೆಟ್ರೋಲಿಗೂ ಮೆತ್ತಗಾಗುತ್ತದೆ. ಟೂ-ಕೆಯಲ್ಲಿ ಐಸೊಸಯನೇಟ್ ಇದೆ, ಅದು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಬಯಲಿನಲ್ಲಿ, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿ ಹೊಡೆಯಿರಿ, ಬಟ್ಟೆಯ ಮಾಸ್ಕ್ ಏನನ್ನೂ ತಡೆಯುವುದಿಲ್ಲ. ಮಳೆ ಹಿಡಿದ ದಿನ ಈ ಕೆಲಸ ಬೇಡ, ತೇವ ಕೋಟಿನೊಳಗೆ ಸಿಕ್ಕಿ ಹಾಲಿನಂತೆ ಬೆಳ್ಳಗಾಗುತ್ತದೆ.

ನೀವು ಬರೆದಿರುವುದನ್ನು ನೋಡಿದರೆ, ಅಂಚಿಗೂ ನಟ್ಟಿನ ಗುಳಿಗಳಿಗೂ ಹಬ್ಬಿರುವುದರಿಂದ, ಒಂದೆರಡು ವೀಲಾದರೂ ತೇಪೆಯ ಹಂತ ದಾಟಿವೆ. ಅವಕ್ಕೆ ಎರಡು ದಾರಿ. ಒಂದು, ಬಣ್ಣವನ್ನೆಲ್ಲ ತೆಗೆದು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತಿನಲ್ಲಿ ಮುಖವನ್ನು ಮತ್ತೆ ಕೊರೆಸುವುದು. ಪ್ರತಿ ಸಲವೂ ಲೋಹ ತೆಳುವಾಗುವುದರಿಂದ ಒಂದು ವೀಲಿಗೆ ಎರಡು ಮೂರು ಸಲಕ್ಕಿಂತ ಹೆಚ್ಚು ಕೊರೆಸುವಂತಿಲ್ಲ. ಅಷ್ಟಾದರೂ ಮತ್ತದೇ ಪ್ರೈಮರಿಲ್ಲದ ಮುಖ. ಎರಡನೆಯದು, ಡೈಮಂಡ್ ಕಟ್ಟಿನ ಆಸೆ ಬಿಟ್ಟು ಪೂರ್ತಿ ಬಣ್ಣಕ್ಕೆ ತಿರುಗಿಸುವುದು. ತಿಂಗಳಿಗೆರಡು ಸಲ ಕಡಲ ತೀರಕ್ಕೆ ಹೋಗುವ ಕಾರಿಗೆ ಎರಡನೆಯದನ್ನೇ ಹೇಳುತ್ತೇನೆ. ಬೆಳ್ಳಿಯ ಬಣ್ಣ ಹೊಡೆಸಿದರೆ ಆ ಹೊಳಪು ಬರುವುದಿಲ್ಲ, ನಿಜ. ಆದರೆ ಮುಂದಿನ ಮಳೆಗಾಲದಲ್ಲಿ ನೀವು ಮತ್ತೆ ಈ ಪ್ರಶ್ನೆ ಬರೆಯಬೇಕಾಗುವುದಿಲ್ಲ.

ಈ ಪೂರ್ತಿ ಬಣ್ಣಕ್ಕೆ ಪೌಡರ್ ಕೋಟಿಂಗ್ (ಬಣ್ಣದ ಪುಡಿ ಸಿಂಪಡಿಸಿ ಓವನ್ನಿನಲ್ಲಿ ಬೇಯಿಸುವುದು) ಮಾಡುವವರು ನಮ್ಮ ಊರುಗಳಲ್ಲೂ ಸಿಗುತ್ತಾರೆ, ಹೆಚ್ಚಿನವರ ಕೈ ಪಳಗಿರುವುದು ಗೇಟು, ಗ್ರಿಲ್, ಕುರ್ಚಿ ಮೇಜುಗಳಲ್ಲಿ. ವೀಲ್ ಕೊಡುವಾಗ ನಾಲ್ಕು ಮಾತು ಬಾಯಿಬಿಟ್ಟು ಹೇಳಿಕೊಡಬೇಕು. ಹಳೆ ಬಣ್ಣವನ್ನು ಕೆಮಿಕಲ್ಲಿನಿಂದ ತೆಗೆಯಲಿ, ಒರಟು ಮರಳಿನ ಬ್ಲಾಸ್ಟ್ ಬೇಡ, ಕಾಸ್ಟಿಕ್ ತೊಟ್ಟಿಯಲ್ಲಂತೂ ಅದ್ದಲೇಬಾರದು. ಕಾಸ್ಟಿಕ್ ಕಬ್ಬಿಣಕ್ಕೆ ಏನೂ ಮಾಡದಿದ್ದರೂ ಅಲ್ಯೂಮಿನಿಯಮ್ಮನ್ನು ಕರಗಿಸುತ್ತದೆ. ಎರಡನೆಯದಾಗಿ, ಓವನ್ನಿನ ಕಾವು 180 ಡಿಗ್ರಿ, 15ರಿಂದ 20 ನಿಮಿಷ. ಪೌಡರ್ ಡಬ್ಬದ ಮೇಲೆ 200 ಎಂದಿದ್ದರೆ 180ಕ್ಕೆ ಬೇಯುವ ಪೌಡರ್ ತರಿಸಲಿ. ಎರಕದ ವೀಲಿಗೆ ಕಾರ್ಖಾನೆಯಲ್ಲಿ ಕಾವು ಕೊಟ್ಟು ಗಟ್ಟಿತನ ಬರಿಸಿರುತ್ತಾರೆ, ಹೆಚ್ಚಿನ ಕಾವಿನಲ್ಲಿ ಪದೇಪದೇ ಬೇಯಿಸಿದರೆ ಅದು ಕಳೆದುಹೋಗುತ್ತದೆ. ಮೂರನೆಯದು ಪ್ರಾಣದ ವಿಷಯ: ಕಾರಿನ ಹಬ್ಬಿಗೆ (hub, ವೀಲ್ ಕೂರುವ ಕಬ್ಬಿಣದ ಭಾಗ) ಒತ್ತುವ ಹಿಂಬದಿಯ ಮುಖ, ನಡುವಿನ ತೂತು, ನಟ್ ಕೂರುವ ಇಳಿಜಾರು, ಈ ಮೂರಕ್ಕೂ ಕಾವು ತಡೆಯುವ ಟೇಪ್ ಅಂಟಿಸಿ ಪೌಡರ್ ಬೀಳದಂತೆ ಮಾಡಬೇಕು. ಅಲ್ಲಿ 80 ಮೈಕ್ರಾನ್ ಪೌಡರ್ ಕೂತರೆ ನಟ್ ಬಿಗಿಯಾದಂತೆ ತೋರುತ್ತದೆ, ನೂರು ಕಿಲೊಮೀಟರ್ ಓಡುವಷ್ಟರಲ್ಲಿ ಪೌಡರ್ ಅದುಮಿಹೋಗಿ ನಟ್ ಸಡಿಲವಾಗುತ್ತದೆ. ಕೊನೆಯದಾಗಿ, ಚೂಪು ಅಂಚುಗಳನ್ನು ಎಮರಿಯಲ್ಲಿ ಒಂದು ಸುತ್ತು ಮೊಂಡು ಮಾಡಿ, ಪ್ರೈಮರ್ ಹಾಕಿಯೇ ಬಣ್ಣ ಹೊಡೆಯಲಿ.

ನಟ್ಟಿನ ಗುಳಿಗಳಲ್ಲಿ ಗೆರೆ ಹುಟ್ಟಿದ್ದಕ್ಕೆ ಉಪ್ಪೊಂದನ್ನೇ ದೂರಬೇಡಿ. ಟಾರ್ಚ್ ಬಿಟ್ಟು ಗುಳಿಯೊಳಗೆ ನೋಡಿದರೆ ಗೋಡೆಯ ಸುತ್ತ ಉಂಗುರದಂತೆ ಬಣ್ಣ ಕಿತ್ತು ಬೆಳ್ಳಿಯ ಮೈ ಕಾಣುತ್ತದೆ. ಅದು ಟೈರ್ ಅಂಗಡಿಯ ಏರ್ ಗನ್ನಿನ ದಪ್ಪ ಸಾಕೆಟ್ ಉಜ್ಜಿದ ಗುರುತು. ಹೊರಗಿನ ಅಲಾಯ್‌ಗಳಲ್ಲಿ ಗುಳಿ ಕಿರಿದು, ಮಾಮೂಲಿ ಸಾಕೆಟ್ ಬಿಗಿಯಾಗಿ ಹೋಗುತ್ತದೆ. ಪ್ಲಾಸ್ಟಿಕ್ ತೋಳಿರುವ ತೆಳು ಸಾಕೆಟ್ ಒಂದನ್ನು ಕಾರಿನಲ್ಲೇ ಇಟ್ಟುಕೊಂಡು, ಇದರಲ್ಲೇ ಬಿಚ್ಚಿ ಎಂದು ಕೊಡಿ. ಬಿಗಿಯುವುದು ಟಾರ್ಕ್ ರೆಂಚಿನಲ್ಲಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್ ನಡುವೆ ಇರುತ್ತದೆ, ನಿಮ್ಮ ಕಾರಿನ ಕೈಪಿಡಿಯಲ್ಲಿರುವ ಅಂಕಿಯನ್ನೇ ಹಿಡಿಯಿರಿ. 50ರಿಂದ 100 ಕಿಲೊಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು. ನಟ್ಟಿನ ಇಳಿಜಾರೂ ವೀಲಿನ ಇಳಿಜಾರೂ ಒಂದೇ ಆಗಿರಬೇಕು. ಹೊರಗಿನ ವೀಲುಗಳಿಗೆ ಸಾಮಾನ್ಯವಾಗಿ 60 ಡಿಗ್ರಿ ಕೋನ್ ಬರುತ್ತದೆ, ಹೋಂಡಾದಂಥ ಕಾರುಗಳ ಕಂಪನಿ ನಟ್ ಉರುಟು ತಲೆಯದು, ಅದು ಇದಕ್ಕೆ ಹೊಂದುವುದಿಲ್ಲ.

ಕಬ್ಬಿಣದ ಹಬ್ ಮತ್ತು ಅಲ್ಯೂಮಿನಿಯಂ ವೀಲ್ ಉಪ್ಪುನೀರಿನಲ್ಲಿ ಸೇರಿದರೆ ಅದೊಂದು ಪುಟ್ಟ ಬ್ಯಾಟರಿ, ಸವೆಯುವುದು ಅಲ್ಯೂಮಿನಿಯಂ. ವೀಲ್ ಹಬ್ಬಿಗೆ ಕಚ್ಚಿಕೊಂಡು ಒದ್ದರೂ ಬಾರದಂತಾಗುವುದು ಹೀಗೆ. ವೀಲ್ ಬಿಚ್ಚಿದಾಗಲೆಲ್ಲ ಹಬ್ಬಿನ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ನಡುವೆ ಎದ್ದಿರುವ ಉಂಗುರಕ್ಕೆ ಮಾತ್ರ ಆ್ಯಂಟಿ-ಸೀಜ್ ಅನ್ನು (ಲೋಹಗಳು ಕಚ್ಚಿಕೊಳ್ಳದಂತೆ ಹಚ್ಚುವ ಗ್ರೀಸಿನಂಥ ಲೇಪ) ಕಡಲೆಕಾಳಿನಷ್ಟು ತೆಗೆದುಕೊಂಡು ತೆಳುವಾಗಿ ಸವರಿ. ಸ್ಟಡ್ಡಿನ (ನಟ್ ಹಾಕುವ ಬೋಲ್ಟಿನ) ತಿರುಪು ಮರೆಗೆ, ನಟ್ ಕೂರುವ ಜಾಗಕ್ಕೆ ಹಚ್ಚಬಾರದು. ಜಾರಿಕೆ ಹೆಚ್ಚಿ, ಅದೇ ಟಾರ್ಕಿನಲ್ಲಿ ಸ್ಟಡ್ ಅಳತೆಮೀರಿ ಎಳೆದುಹೋಗುತ್ತದೆ. ವೀಲಿನ ನಡುತೂತು ನಿಮ್ಮ ಹಬ್ಬಿಗಿಂತ ದೊಡ್ಡದಿದ್ದು ಹಬ್ ರಿಂಗ್ ಹಾಕಿದ್ದರೆ, ಗಟ್ಟಿ ಪ್ಲಾಸ್ಟಿಕ್ ರಿಂಗೇ ಇರಲಿ. ಅಲ್ಯೂಮಿನಿಯಂ ರಿಂಗ್ ಉಪ್ಪಿಗೆ ಹಬ್ಬಿನ ಮೇಲೇ ಬೆಸೆದುಕೊಳ್ಳುತ್ತದೆ. ಬ್ಯಾಲೆನ್ಸಿಂಗ್ ವೇಟ್ ಅಂಚಿಗೆ ಬಡಿದು ಕೂರಿಸುವುದು ಬೇಡ, ಅದು ಕೋಟನ್ನು ಕಚ್ಚಿ ಹರಿಯುತ್ತದೆ. ಒಳಮೈಗೆ ಅಂಟಿಸುವ ವೇಟ್ ಕೇಳಿ. ವಾಲ್ವಿಗೆ ಪ್ಲಾಸ್ಟಿಕ್ ಮುಚ್ಚಳ ಸಾಕು. ಬಣ್ಣಬಣ್ಣದ ಲೋಹದ ಮುಚ್ಚಳಗಳು ಒಂದು ಮಳೆಗಾಲ ಕಳೆದರೆ ಮರೆಗೆ ಕಚ್ಚಿಕೊಂಡು ವಾಲ್ವನ್ನೇ ಮುರಿಸುತ್ತವೆ.

ತೊಳೆಯುವುದರಲ್ಲಿ ನಮ್ಮ ಜಿಲ್ಲೆಗಳಿಗೇ ಸೇರಿದ ಎರಡು ತಪ್ಪುಗಳಿವೆ. ಮೊದಲನೆಯದು ನೀರು. ದಾವಣಗೆರೆ, ಚಿತ್ರದುರ್ಗದ ಬೋರ್‌ವೆಲ್‌ಗಳಲ್ಲಿ ಬಹಳಷ್ಟು ಸವಳು ನೀರು. ಅದು ವೀಲಿನ ಮೇಲೆ ಆರಿದರೆ ಸುಣ್ಣದ ಬಿಳಿ ಚುಕ್ಕೆ ಬಿಡುತ್ತದೆ, ಕ್ಲೋರೈಡೂ ಉಳಿಯುತ್ತದೆ. ಇನ್ನೂ ಕೆಟ್ಟದ್ದೆಂದರೆ ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ಗಾಡಿ ತೊಳೆಯುವ ರೂಢಿ. ನೀರು ಉಳಿಸುವ ಉದ್ದೇಶ ಒಳ್ಳೆಯದೇ, ಆದರೆ ಯಂತ್ರ ಬೇರ್ಪಡಿಸಿದ ಉಪ್ಪೆಲ್ಲ ಆ ನೀರಿನಲ್ಲೇ ಇದೆ. ಅದನ್ನು ಅಂಗಳ ತೊಳೆಯಲು ಬಳಸಿ. ವೀಲ್ ತೊಳೆಯಲು ಬೋರ್ ನೀರಾದರೂ ಸರಿ, ಕೊನೆಯ ಒಂದು ಬಕೆಟ್ ಮಾತ್ರ ನಲ್ಲಿಯ ಹೊಳೆ ನೀರಿರಲಿ. ದಾವಣಗೆರೆಯ ನಲ್ಲಿಗೆ ಬರುವ ತುಂಗಭದ್ರಾ, ಭದ್ರಾ ನಾಲೆಯ ನೀರು ಬೋರಿನದಕ್ಕಿಂತ ಎಷ್ಟೋ ಮೃದು. ಚಾವಣಿಯ ಮಳೆನೀರು ಹಿಡಿದಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಎರಡನೆಯ ತಪ್ಪು ಆ್ಯಸಿಡ್. ವಾಟರ್ ಸರ್ವಿಸ್ ಅಂಗಡಿಗಳಲ್ಲಿ ಕಪ್ಪುಗಟ್ಟಿದ ವೀಲ್ ಎರಡು ನಿಮಿಷದಲ್ಲಿ ಬೆಳ್ಳಗಾಗಲೆಂದು ಹೆಸರಿಲ್ಲದ ಕ್ಯಾನಿನಿಂದ ಏನನ್ನೋ ಸಿಂಪಡಿಸುತ್ತಾರೆ. ಹೊಗೆಯಾಡಿದರೆ, ಮೂಗಿಗೆ ಚುಚ್ಚಿದರೆ ಅದು ಆ್ಯಸಿಡ್. ಸಣ್ಣ ಗಾಯಗಳ ಮೂಲಕ ಅದು ಕೋಟಿನ ಕೆಳಗಿಳಿದು, ಉಪ್ಪು ವರ್ಷದಲ್ಲಿ ಮಾಡುವ ಕೆಲಸವನ್ನು ವಾರದಲ್ಲಿ ಮಾಡುತ್ತದೆ. ಕೆಲವು ವೀಲ್ ಕ್ಲೀನರುಗಳಲ್ಲಿ ಹೈಡ್ರೋಫ್ಲೋರಿಕ್ ಆ್ಯಸಿಡ್ ಇರುತ್ತದೆ. ಅದು ಚರ್ಮ ದಾಟಿ ಮೂಳೆಯವರೆಗೂ ಇಳಿಯುವ ವಿಷ, ಬರಿಗೈಯಲ್ಲಿ ಅದನ್ನು ಬಳಿಯುವ ಹುಡುಗರ ಗತಿ ಯೋಚಿಸಿದರೆ ಸಂಕಟವಾಗುತ್ತದೆ. ವೀಲಿಗೆ ಶಾಂಪೂ ಬಿಟ್ಟು ಬೇರೇನೂ ಬೇಡ ಎಂದು ಗಾಡಿ ಒಳಗೆ ಬಿಡುವ ಮೊದಲೇ ಹೇಳಿ. ಬ್ರೇಕಿನ ಕಪ್ಪು ಪುಡಿಗೆ, ಹಾಗೂ ಹೊಳಲ್ಕೆರೆ, ಭೀಮಸಮುದ್ರದ ಕಡೆ ಓಡಾಡಿದಾಗ ಕೂರುವ ಅದಿರಿನ ಕೆಂಪು ಧೂಳಿಗೆ, ಪಿಎಚ್ ನ್ಯೂಟ್ರಲ್ (ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ) ಎಂದು ಬರೆದಿರುವ ಐರನ್ ರಿಮೂವರ್ ಸಿಗುತ್ತದೆ. ಬ್ರೇಕಿನ ಕಬ್ಬಿಣ ತಾಗಿದಲ್ಲಿ ನೇರಳೆ ಬಣ್ಣಕ್ಕೆ ತಿರುಗುತ್ತದೆ, ವಾಸನೆ ಕೆಟ್ಟದಾಗಿರುತ್ತದೆ. ಅದಿರಿನ ಧೂಳಿಗೆ ಅಷ್ಟು ಬಣ್ಣ ಬರದಿದ್ದರೆ ಶಾಂಪೂ, ಬ್ರಷ್ಷೇ ಸಾಕು. ಐರನ್ ರಿಮೂವರನ್ನು ಎರಡು ತಿಂಗಳಿಗೊಮ್ಮೆ, ನೆರಳಿನಲ್ಲಿ ಹಚ್ಚಿ, ಮೂರರಿಂದ ಐದು ನಿಮಿಷ ಬಿಟ್ಟು, ಆರುವ ಮೊದಲೇ ತೊಳೆಯಬೇಕು.

ಕರಾವಳಿಯಿಂದ ಬಂದ ಮರುದಿನ ಬೆಳಿಗ್ಗೆಯೊಳಗೆ ವೀಲ್ ತೊಳೆಯಿರಿ. ಬಂದ ಕೂಡಲೇ ಬೇಡ, ಕಾದ ವೀಲಿಗೆ ನೀರು ಬಿದ್ದರೆ ಶಾಂಪೂ ಅಲ್ಲೇ ಆರಿ ಕಲೆಯಾಗುತ್ತದೆ, ಬ್ರೇಕ್ ಡಿಸ್ಕಿಗೂ ಒಳ್ಳೆಯದಲ್ಲ. ಕೈಗೆ ತಣ್ಣಗಿದ್ದರೆ ಮೊದಲು ಪೈಪಿನಲ್ಲಿ ಬರಿಯ ನೀರು, ವೀಲೊಂದಕ್ಕೆ ಎಂಟು ಹತ್ತು ಲೀಟರ್, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವೀಲಿನ ಕಡ್ಡಿಗಳ (ಸ್ಪೋಕುಗಳ) ಸಂದಿಯಿಂದ ಒಳಮೈಗೆ. ಕಾರನ್ನು ಅರ್ಧ ಸುತ್ತು ಮುಂದೆ ತಳ್ಳಿ ಬ್ರೇಕಿನ ಕ್ಯಾಲಿಪರ್ (ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಹಿಂದೆ ಅಡಗಿದ್ದ ಭಾಗಕ್ಕೂ ಬಿಡಿ. ನಂತರ ಹತ್ತು ಲೀಟರ್ ನೀರಿಗೆ 30 ಎಂಎಲ್ ಕಾರ್ ಶಾಂಪೂ ಬೆರೆಸಿ ಮೆತ್ತನೆ ಬ್ರಷ್ಷಿನಿಂದ ಉಜ್ಜಿ, ತೊಳೆದು, ಒರೆಸಿ. ಪಾತ್ರೆ ತೊಳೆಯುವ ಪುಡಿಯಾಗಲಿ ಬಟ್ಟೆಯ ಪುಡಿಯಾಗಲಿ ಬೇಡ, ಅವುಗಳ ಕ್ಷಾರ ಅಲ್ಯೂಮಿನಿಯಮ್ಮಿಗೆ ಆಗದು. ಪ್ರೆಶರ್ ಗನ್ ಹಿಡಿದರೆ ಒಂದಡಿ ದೂರದಿಂದ, ಬೀಸಣಿಗೆಯಂತೆ ಹರಡುವ ಧಾರೆಯಲ್ಲಿ. ಸೂಜಿಯಂಥ ಧಾರೆಯನ್ನು ಗಾಯದ ಮೇಲೆ ಬಿಟ್ಟರೆ ನೀರನ್ನು ನೀವೇ ಕೋಟಿನ ಕೆಳಗೆ ತೂರಿಸಿದಂತೆ.

ಕೋಟಿಂಗ್ ವಿಷಯಕ್ಕೆ ಬಂದರೆ, ಮೇಣ ಬ್ರೇಕಿನ ಕಾವಿಗೆ ಕೆಲವೇ ವಾರ ನಿಲ್ಲುತ್ತದೆ. ಪಾಲಿಮರ್ ಸೀಲೆಂಟ್ ಎರಡು ಮೂರು ತಿಂಗಳು, ಸಿರಾಮಿಕ್ ಚೆನ್ನಾಗಿ ಹಚ್ಚಿದರೆ ಒಂದು ವರ್ಷದ ಆಸುಪಾಸು. ಯಾವುದೂ ಕಲ್ಲೇಟನ್ನು ತಡೆಯುವುದಿಲ್ಲ. ಕೊಳೆ, ಉಪ್ಪು ಅಂಟಿಕೊಳ್ಳದೆ ಬೇಗ ಜಾರಿಹೋಗುತ್ತದೆ, ಅಷ್ಟೇ ಲಾಭ, ಅದೇನೂ ಸಣ್ಣದಲ್ಲ. ಹೊಸ ಬಣ್ಣವಾದ ಮೇಲೆ, ಪೇಂಟರ್ ಹೇಳಿದಷ್ಟು ದಿನ ಕಳೆದು, ವೀಲ್ ಬಿಚ್ಚಿರುವಾಗಲೇ ಒಳಮೈಗೂ ಸಿರಾಮಿಕ್ ಹಚ್ಚಿ. ಒಳಹೊರಗೆ ಸೇರಿ ನಾಲ್ಕು ವೀಲಿಗೆ 30 ಎಂಎಲ್ ಸಾಕು. ಆಲ್ಕೋಹಾಲಿನಿಂದ ಒರೆಸಿ, ಒಂದೊಂದು ಕಡ್ಡಿಯಷ್ಟೇ ಹಚ್ಚಿ ಒರೆಸುತ್ತ ಹೋಗಬೇಕು. ನಮ್ಮ ಬೇಸಿಗೆಯಲ್ಲಿ ಅದು ಕ್ಷಣದಲ್ಲಿ ಬಿಗಿದು ಕಲೆಯಾಗುತ್ತದೆ, ಬೆಳಗಿನ ತಂಪಿನಲ್ಲಿ ಮಾಡಿ. ಒಂದು ದಿನ ನೀರು ತಾಗಬಾರದು, ಒಂದು ವಾರ ಶಾಂಪೂ ಬೇಡ.

ಇನ್ನು ತಮ್ಮನವರ ಸಲಹೆ. ಸ್ಟೀಲ್ ವೀಲಿನ ಮಾತನ್ನು ತಳ್ಳಿಹಾಕಬೇಡಿ, ಕಾಲ ಮಾತ್ರ ಬದಲಿಸಿ. ಅವರಿಗೆ ಕೆಟ್ಟ ಕಾಲ ನವೆಂಬರಿನಿಂದ ಏಪ್ರಿಲ್, ನಿಮಗೆ ಜೂನಿನಿಂದ ಸೆಪ್ಟೆಂಬರ್. ಕಾರಿನ ಜೊತೆ ಬಂದ ಕಂಪನಿ ವೀಲುಗಳು ಅಟ್ಟದ ಮೇಲಿದ್ದರೆ, ಟೈರುಗಳೂ ಒಳ್ಳೆಯ ಸ್ಥಿತಿಯಲ್ಲಿದ್ದರೆ, ಆ ನಾಲ್ಕು ತಿಂಗಳು ಅವನ್ನೇ ಹಾಕಿ ಓಡಿಸಿ. ಕಂಪನಿ ವೀಲಿಗೆ ಕಂಪನಿ ನಟ್ಟುಗಳೇ ಬೇಕಾಗುತ್ತವೆ, ಹುಡುಕಿಟ್ಟುಕೊಳ್ಳಿ. ಟೈರಿನ ಕೆಲಸವಿಲ್ಲದೆ ಬರಿಯ ವೀಲ್ ಬದಲಿಸಲು ಒಂದು ಗಂಟೆ ಸಾಕು. ಅಲಾಯ್‌ಗಳನ್ನು ಎತ್ತಿಡುವ ಮೊದಲು ಒಳಹೊರಗೆ ತೊಳೆದು, ಒಂದು ದಿನ ಗಾಳಿಗೆ ಆರಿಸಿ, ಹಳೆ ಬೆಡ್‌ಶೀಟ್ ಹೊದಿಸಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಉಳಿದ ತೇವ ಒಳಗೇ ನಿಂತು, ಅಕ್ಟೋಬರಿನಲ್ಲಿ ಬಿಚ್ಚುವಾಗ ಹೊಸ ಗೆರೆಗಳು ಕಾಣುತ್ತವೆ. ಗೊಬ್ಬರ, ಉಪ್ಪಿನ ಮೂಟೆ, ಇನ್ವರ್ಟರ್ ಬ್ಯಾಟರಿ ಇರುವ ಕೋಣೆಯೂ ಬೇಡ. ಟೈರ್ ಸಮೇತ ಮಲಗಿಸಿಡುವುದಾದರೆ ಪ್ರತಿ ಎರಡರ ನಡುವೆ ದಪ್ಪ ಬಟ್ಟೆ ಇರಲಿ, ಒಂದರ ಮುಖಕ್ಕೆ ಇನ್ನೊಂದು ತಾಗಬಾರದು.